ಒಂದು ಸುತ್ತಿನಲ್ಲಿ ಎರಡೇ ಬಣ್ಣ: ಉಳಿದ ಉಲ್ಲನ್ನಿನ ಮಫ್ಲರ್

ಪುಣೆಯ ಕೋಥ್ರೂಡಿನಲ್ಲಿ ನೆಲೆಸಿರುವ ಕನ್ನಡ ಹೆಂಗಳೆಯರ ಕೂಟವೊಂದರಲ್ಲಿ ಚಳಿಗಾಲದ ಆರಂಭಕ್ಕೆ ನಾನು ಆಡಿದ ಮಾತುಗಳನ್ನು, ಅಂದು ಬರಲಾಗದಿದ್ದವರ ಕೋರಿಕೆಯಂತೆ ಇಲ್ಲಿ ಬರೆದುಕೊಟ್ಟಿದ್ದೇನೆ. ಸಭೆಯಲ್ಲಿ ಕೈಯಲ್ಲಿ ಹಿಡಿದು ತೋರಿಸಿದ್ದನ್ನು ಬರಹದಲ್ಲಿ ತೋರಿಸುವಂತಿಲ್ಲ. ಆದ್ದರಿಂದ ಅಂಥ ಭಾಗಗಳನ್ನು ಕೊಂಚ ವಿಸ್ತರಿಸಿದ್ದೇನೆ.

ಅಕ್ಕ-ತಂಗಿಯರೆ,

ಹೆಣಿಗೆ ಹಾಕುವವರ ಮನೆಯಲ್ಲಿ ಉಳಿದ ಉಂಡೆಗಳ ಚೀಲವೊಂದು ಇದ್ದೇ ಇರುತ್ತದೆ. ನನ್ನ ಚೀಲವನ್ನು ಇವತ್ತು ಇಲ್ಲಿಗೆ ತಂದಿದ್ದೇನೆ. ಮಗನ ಶಾಲೆಯ ಸ್ವೆಟರಿನಿಂದ ಉಳಿದ ಮರೂನ್, ನಮ್ಮ ಯಜಮಾನರ ತೋಳಿಲ್ಲದ ಸ್ವೆಟರಿನ ಬಾಟಲಿ ಹಸಿರು, ಮಗಳು ಹುಟ್ಟಿದಾಗ ಹೆಣೆದ ಕುಲಾವಿಯ ತಿಳಿಹಳದಿ, ಯಾರಿಗೆ ಏನು ಹೆಣೆದದ್ದೆಂದು ಈಗ ನೆನಪಿಲ್ಲದ ಒಂದಿಷ್ಟು ಬೂದು ಮತ್ತು ಆಕಾಶನೀಲಿ, ಹೀಗೆ ಎಲ್ಲ ಸೇರಿ ಹದಿನಾಲ್ಕು ಉಂಡೆಗಳು. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದಾಗ ಒಟ್ಟು 310 ಗ್ರಾಂ ಬಂತು. ಆದರೆ ಯಾವ ಒಂದು ಉಂಡೆಯೂ 45 ಗ್ರಾಂ ಮೀರಲಿಲ್ಲ. ಒಂದೇ ಬಣ್ಣದಲ್ಲಿ ಏನನ್ನಾದರೂ ಪೂರ್ತಿ ಮಾಡಲು ಸಾಲದ, ಎಸೆಯಲು ಮನಸ್ಸು ಬಾರದ ಈ ನೂಲಿನಿಂದ ಮೈಗೆ ಹಾಕಿಕೊಳ್ಳುವಂಥ, ಕಣ್ಣಿಗೂ ಹಿತವಾದ ವಸ್ತುವೊಂದನ್ನು ಮಾಡುವುದು ಹೇಗೆ ಎನ್ನುವುದೇ ಇವತ್ತಿನ ಮಾತು.

ಧಾರವಾಡದ ಕಡೆಯವರಾದ ನಮಗೆ ಉಳಿದದ್ದನ್ನು ಕೂಡಿಸುವ ಕೆಲಸ ಹೊಸದಲ್ಲ. ಹಳೆಯ ಸೀರೆ, ಧೋತರ, ಅಂಗಿಯ ತುಂಡುಗಳನ್ನು ಜೋಡಿಸಿ ಕೌದಿ ಹೊಲಿಯುವುದನ್ನು ನೋಡಿಯೇ ನಾವು ಬೆಳೆದವರು. ಆದರೆ ಕೌದಿಯಲ್ಲಿ ತುಂಡು ತುಂಡಾಗಿಯೇ ಕಾಣುತ್ತದೆ, ಅದೇ ಅದರ ಚೆಲುವು. ಉಲ್ಲನ್ನಿನಲ್ಲಿ ಅದೇ ಬಗೆಯಾಗಿ ಒಂದಿಷ್ಟು ಕೆಂಪು, ಅದು ಮುಗಿದ ಮೇಲೆ ಒಂದಿಷ್ಟು ಹಸಿರು ಎಂದು ಪಟ್ಟೆ ಪಟ್ಟೆಯಾಗಿ ಹೆಣೆದರೆ, ನೂಲು ಮುಗಿದಲ್ಲಿ ಬಣ್ಣ ಮುಗಿಯಿತು ಎನ್ನುವುದು ಎದ್ದು ಕಾಣುತ್ತದೆ. ಇದಕ್ಕಿಂತ ಬೇರೆಯಾದ ದಾರಿಯೆಂದರೆ, ಒಂದೇ ಸುತ್ತಿನಲ್ಲಿ ಎರಡು ಬಣ್ಣದ ಎಳೆಗಳನ್ನು ಜೊತೆಯಲ್ಲಿ ಒಯ್ಯುತ್ತ, ನಕ್ಷೆಗೆ ಬೇಕಾದ ಎಳೆಯಿಂದ ಕುಣಿಕೆ ಹಾಕಿ, ಬೇಡವಾದ ಎಳೆಯನ್ನು ಹಿಂಬದಿಯಲ್ಲಿ ಹಾಗೆಯೇ ಹಾಯಿಸಿಕೊಂಡು ಹೋಗುವ ಹೆಣಿಗೆ.

ಈ ಹೆಣಿಗೆಗೆ ಜಗತ್ತಿನಲ್ಲಿ ಹೆಸರು ತಂದುಕೊಟ್ಟದ್ದು ಫೇರ್ ಐಲ್ ಎಂಬ ಪುಟ್ಟ ದ್ವೀಪ. ಸ್ಕಾಟ್ಲೆಂಡಿನ ಉತ್ತರಕ್ಕೆ, ಆರ್ಕ್ನಿ ಮತ್ತು ಶೆಟ್ಲೆಂಡ್ ದ್ವೀಪಸಮೂಹಗಳ ನಡುವೆ ಅದಿದೆ. ಉದ್ದ ಐದು ಕಿಲೋಮೀಟರಿನಷ್ಟು. 1588ರಲ್ಲಿ ಸ್ಪೇನಿನ ನೌಕಾಪಡೆಯ ಹಡಗೊಂದು ಅಲ್ಲಿ ಒಡೆದುಹೋಯಿತು, ಆ ನಾವಿಕರಿಂದಲೇ ದ್ವೀಪದ ಹೆಂಗಸರು ಈ ನಕ್ಷೆಗಳನ್ನು ಕಲಿತರು ಎಂಬ ಕತೆಯೊಂದಿದೆ. ಹಡಗು ಒಡೆದದ್ದು ನಿಜ. ಕಲಿತ ಕತೆಯನ್ನು ಮಾತ್ರ ಬಲ್ಲವರು ಒಪ್ಪುವುದಿಲ್ಲ. ಹೆಂಗಸರ ಕೈಕಸಬಿಗೆ ಹೊರಗಿನಿಂದ ಬಂದ ಗಂಡಸರನ್ನು ಗುರುಗಳನ್ನಾಗಿ ಮಾಡುವ ಕತೆಗಳನ್ನು ನಾನೂ ಒಪ್ಪುವುದಿಲ್ಲ. ಮುಂದೆ ಎಂಟನೆಯ ಎಡ್ವರ್ಡ್ ಎನಿಸಿಕೊಂಡ ವೇಲ್ಸ್ ರಾಜಕುಮಾರರು 1922ರಲ್ಲಿ ಸೇಂಟ್ ಆಂಡ್ರ್ಯೂಸ್‌ನಲ್ಲಿ ಗಾಲ್ಫ್ ಆಡಲು ಈ ಬಗೆಯ ಸ್ವೆಟರ್ ತೊಟ್ಟು ಬಂದ ಮೇಲೆ ಅದಕ್ಕೆ ಎಲ್ಲೆಡೆ ಬೇಡಿಕೆ ಹುಟ್ಟಿತು. ನಾರ್ವೆಯ ಸೆಲ್‌ಬು ಎಂಬ ಊರಿನಲ್ಲಿ 1857ರಲ್ಲಿ ಮಾರಿತ್ ಎಂಬ ಹದಿಹರೆಯದ ಹುಡುಗಿ ಕಪ್ಪು-ಬಿಳಿ ಎರಡೇ ಎಳೆಯಲ್ಲಿ ಎಂಟು ದಳದ ನಕ್ಷತ್ರವಿರುವ ಕೈಗವಸು ಹೆಣೆದಳು. ಇವತ್ತಿಗೂ ಆ ನಕ್ಷತ್ರ ಊರಿನ ಹೆಸರಿನಿಂದಲೇ ಪರಿಚಿತ. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ನಮ್ಮ ಹಿಮಾಚಲದ ಲಾಹೌಲ್ ಕಣಿವೆಯ ಹೆಂಗಸರು ಹೆಣೆಯುವ ಬಣ್ಣಬಣ್ಣದ ಕಾಲುಚೀಲಗಳನ್ನು ಮನಾಲಿಗೆ ಹೋದವರು ಕಂಡಿರುತ್ತೀರಿ.

ಫೇರ್ ಐಲ್ ಸ್ವೆಟರನ್ನು ದೂರದಿಂದ ನೋಡಿದಾಗ ಹತ್ತು ಹನ್ನೆರಡು ಬಣ್ಣಗಳು ಕಂಡರೂ, ಯಾವ ಸುತ್ತಿನಲ್ಲಿಯೂ ಎರಡಕ್ಕಿಂತ ಹೆಚ್ಚು ಬಣ್ಣ ಇರುವುದಿಲ್ಲ. ಕೆಲವೇ ಸುತ್ತುಗಳಿಗೊಮ್ಮೆ ಜೋಡಿ ಬದಲಾಗುತ್ತದೆ. ಮೂರರಿಂದ ಏಳು ಸುತ್ತಿನೊಳಗೆ ಮುಗಿಯುವ ಚಿಕ್ಕ ಚಿಕ್ಕ ನಕ್ಷೆಗಳನ್ನು ಶೆಟ್ಲೆಂಡಿನವರು ‘ಪೀರಿ’ ಎನ್ನುತ್ತಾರೆ. ಅವರ ಆಡುನುಡಿಯಲ್ಲಿ ಆ ಮಾತಿಗೆ ಪುಟ್ಟದು ಎಂದೇ ಅರ್ಥ. ಪೀರಿ ನಕ್ಷೆಗೆ ಒಂದೊಂದು ಬಣ್ಣವೂ ಎರಡು ಮೂರು ಗ್ರಾಂ ಇದ್ದರೆ ಸಾಕು. ಉಳಿದ ಉಂಡೆಗಳವರಿಗೆ ಇದಕ್ಕಿಂತ ಹೊಂದುವ ಹೆಣಿಗೆ ಇನ್ನೊಂದಿಲ್ಲ ಎಂದು ನಾನು ಹೇಳುವುದು ಇದೇ ಕಾರಣಕ್ಕೆ.

ಈಗ ಬಣ್ಣದ ವಿಚಾರ. ನನ್ನ ದೃಷ್ಟಿಯಲ್ಲಿ ಇಡೀ ಕೆಲಸದ ತಿರುಳು ಇದೇ ಆಗಿರುವುದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಪುಣೆಗೆ ಬಂದ ಹೊಸದರಲ್ಲಿ, ಸದಾಶಿವ ಪೇಟೆಯ ವಾಡೆಯಲ್ಲಿದ್ದಾಗ, ಎದುರು ಬಾಗಿಲಿನ ಮರಾಠಿ ಆಜಿಯವರು ನನಗೆ ಹೆಣಿಗೆ ಕಲಿಸಿದರು. ಇವತ್ತಿಗೂ ನನ್ನ ಬಾಯಲ್ಲಿ ಸುಲಟ (ನೇರ ಕುಣಿಕೆ), ಉಲಟ (ತಿರುವು ಕುಣಿಕೆ), ಟಾಕೆ (ಕುಣಿಕೆ) ಎಂಬ ಅವರ ಮಾತುಗಳೇ ಬರುತ್ತವೆ. ನನ್ನ ಮೊದಲ ಎರಡು ಬಣ್ಣದ ಪಟ್ಟಿಗೆ ನಾನು ಆರಿಸಿಕೊಂಡದ್ದು ಕಡುಗೆಂಪು ಮತ್ತು ಬಾಟಲಿ ಹಸಿರು. ಉಂಡೆಗಳನ್ನು ಅಕ್ಕಪಕ್ಕ ಇಟ್ಟಾಗ ಒಂದಕ್ಕೊಂದು ಎಷ್ಟು ಚೆನ್ನಾಗಿ ಒಪ್ಪುತ್ತಿದ್ದವು! ಒಂದು ಗೇಣು ಹೆಣೆದು ನೋಡಿದರೆ ನಕ್ಷೆಯೇ ಇಲ್ಲ, ಬರೀ ಕಂದುಗಟ್ಟಿದ ಮಬ್ಬು. ಆಜಿಯವರು ಪಟ್ಟಿಯನ್ನು ಕೋಣೆಯ ಕತ್ತಲ ಮೂಲೆಗೆ ಒಯ್ದು, ಕಣ್ಣು ಕಿರಿದು ಮಾಡಿ ನೋಡಲು ಹೇಳಿದರು. ಕೆಂಪು, ಹಸಿರು ಎರಡೂ ಸಮನಾಗಿ ಕಪ್ಪಾಗಿ ಕಂಡವು. ಬಣ್ಣ ಬೇರೆ ಬೇರೆಯಾದರೂ ಗಾಢತೆ ಒಂದೇ ಆಗಿದ್ದರಿಂದ ಒಂದು ಇನ್ನೊಂದನ್ನು ನುಂಗಿಹಾಕಿತ್ತು.

ಈಗ ಕತ್ತಲ ಮೂಲೆ ಬೇಕಾಗಿಲ್ಲ. ಉಂಡೆಗಳನ್ನೆಲ್ಲ ನೆಲದ ಮೇಲೆ ಹರಡಿ, ಮೊಬೈಲಿನಲ್ಲಿ ಕಪ್ಪು-ಬಿಳುಪಿನ ಫೋಟೋ ತೆಗೆಯಿರಿ. ಆ ಫೋಟೋದಲ್ಲಿ ಬೆಳ್ಳಗೆ ಕಂಡವನ್ನು ಒಂದು ರಾಶಿ ಮಾಡಿ, ಕಪ್ಪಗೆ ಕಂಡವನ್ನು ಇನ್ನೊಂದು ರಾಶಿ ಮಾಡಿ. ನನ್ನ ಹದಿನಾಲ್ಕರಲ್ಲಿ ಕೆನೆಬಿಳಿ, ತಿಳಿಹಳದಿ, ಆಕಾಶನೀಲಿ, ಗೋಧಿ ಬಣ್ಣ, ತಿಳಿಬೂದು, ಕುಂಬಳಹೂವಿನ ಬಣ್ಣ ಒಂದು ಕಡೆಗೆ ಬಂದವು. ಮರೂನ್, ಬಾಟಲಿ ಹಸಿರು, ನೇವಿ ನೀಲಿ, ಕಾಫಿಪುಡಿಯ ಬಣ್ಣ, ಕಪ್ಪು, ಬದನೆ ಬಣ್ಣ ಇನ್ನೊಂದು ಕಡೆಗೆ. ಪ್ರತಿ ಸುತ್ತಿನಲ್ಲಿಯೂ ತಿಳಿ ರಾಶಿಯಿಂದ ಒಂದು, ಗಾಢ ರಾಶಿಯಿಂದ ಒಂದು. ಈ ಕಟ್ಟಳೆ ಒಂದನ್ನು ಪಾಲಿಸಿದರೆ ಮಿಕ್ಕ ವಿಷಯದಲ್ಲಿ ಎಷ್ಟು ಸ್ವಾತಂತ್ರ್ಯ ಬೇಕಾದರೂ ತೆಗೆದುಕೊಳ್ಳಬಹುದು: ತಿಳಿಹಳದಿ ಮುಗಿದರೆ ಗೋಧಿ ಬಣ್ಣ, ಮರೂನ್ ಮುಗಿದರೆ ಬದನೆ. ನಕ್ಷೆ ಮಾತ್ರ ಮೊದಲಿನಿಂದ ಕೊನೆಯವರೆಗೆ ಕಡಿಯದೆ ಹರಿಯುತ್ತದೆ. ಎರಡು ಉಂಡೆಗಳು, ಒಂದು ಗುಲಾಬಿ, ಒಂದು ಗಿಳಿಹಸಿರು, ಎರಡೂ ರಾಶಿಗೆ ಸೇರದೆ ನಡುವೆ ಉಳಿದುಕೊಂಡವು. ಎರಡು ಸೇರಿ ಇಪ್ಪತ್ತು ಗ್ರಾಂ ಮಾತ್ರ ಇದ್ದ ಅವನ್ನು ನಾನು ಬಳಸಲಿಲ್ಲ. ಬಳಸಲೇಬೇಕೆಂದರೆ ಕಪ್ಪಿನ ಜೊತೆಗೋ ಕೆನೆಬಿಳಿಯ ಜೊತೆಗೋ ಮಾತ್ರ ಹಾಕಬೇಕು.

ಇದನ್ನು ಕಲಿಯಲು ನಾನು ಹೊರಗಿನ ನಕ್ಷೆ ನೋಡಬೇಕಾಗಿಯೇ ಇರಲಿಲ್ಲ ಎಂದು ಈಗ ಅನ್ನಿಸುತ್ತದೆ. ಇಳಕಲ್ಲಿನ ಚಂದ್ರಕಾಳಿ ಸೀರೆಯ ಮೇಲಿನ ಕಸೂತಿಯನ್ನು ನೆನೆಯಿರಿ. ಕಪ್ಪು ಮೈಯ ಮೇಲೆ ಕೇಸರಿ, ಹಳದಿ, ಬಿಳಿ, ಗುಲಾಬಿ, ತಿಳಿಹಸಿರು ಯಾವುದನ್ನು ಹಾಕಿದರೂ ಒಪ್ಪುತ್ತದೆ. ನಮ್ಮ ಅಜ್ಜಿ ಹರಿದ ರೇಷ್ಮೆ ಸೀರೆಯ ಅಂಚಿನಿಂದ ಎಳೆ ಬಿಡಿಸಿಟ್ಟುಕೊಂಡು, ಕೈಗೆ ಬಂದ ಬಣ್ಣದಿಂದ ಗೋಪುರ ತುಂಬುತ್ತಿದ್ದರು. ಬಣ್ಣ ಹೊಂದುತ್ತದೆಯೋ ಇಲ್ಲವೋ ಎಂದು ಅವರು ತಡವರಿಸಿದ್ದನ್ನು ನಾನು ನೋಡಿದ್ದೇ ಇಲ್ಲ, ಏಕೆಂದರೆ ಹೊಂದಿಸುವ ಕೆಲಸವನ್ನು ಸೀರೆಯ ಕಪ್ಪು ಮೊದಲೇ ಮಾಡಿಟ್ಟಿರುತ್ತಿತ್ತು.

ಇನ್ನು ಮಫ್ಲರಿನ ಕಟ್ಟು. ಎರಡು ಬಣ್ಣದ ಹೆಣಿಗೆಯನ್ನು ಚಪ್ಪಟೆಯಾಗಿ, ಹೋಗುವಾಗ ಸುಲಟ ಬರುವಾಗ ಉಲಟ ಎಂದು ಹೆಣೆದರೆ ಮೂರು ತೊಂದರೆಗಳಿವೆ. ಅಂಚು ಸುರುಳಿ ಸುತ್ತಿಕೊಳ್ಳುತ್ತದೆ. ಉಲಟದ ಸಾಲಿನಲ್ಲಿ ನಕ್ಷೆ ಹಿಂಬದಿಗೆ ಇರುವುದರಿಂದ ಎಣಿಕೆ ತಪ್ಪುತ್ತದೆ. ಕೊರಳಿಗೆ ಸುತ್ತಿದಾಗ ಮಫ್ಲರಿನ ಹಿಂಬದಿಯ ಎಳೆಗಳೆಲ್ಲ ಹೊರಗೆ ಕಾಣುತ್ತವೆ. ಆದ್ದರಿಂದ ಸರ್ಕ್ಯುಲರ್ ಕಡ್ಡಿಯ (ನಡುವೆ ಬಳುಕುವ ತಂತಿಯಿಂದ ಕೂಡಿಸಿದ ಜೋಡಿ ಕಡ್ಡಿಯ) ಮೇಲೆ ಉದ್ದನೆಯ ಕೊಳವೆಯಾಗಿ ಹೆಣೆಯುವುದೇ ಲೇಸು. ಸುತ್ತೂ ಸುಲಟವೇ, ಉಲಟದ ಕೆಲಸವೇ ಇಲ್ಲ. ಎಳೆಗಳು, ಗಂಟುಗಳು, ಬಣ್ಣ ಬದಲಿಸಿದ ತುದಿಗಳು ಎಲ್ಲ ಒಳಗೆ ಉಳಿಯುತ್ತವೆ. ಒತ್ತಿ ಮಡಿಸಿದಾಗ ಎರಡು ಪದರದ ಬೆಚ್ಚನೆಯ ಮಫ್ಲರ್. ಡಿಸೆಂಬರ್-ಜನವರಿಯಲ್ಲಿ ಬೆಳಗಿನ ಆರು ಗಂಟೆಗೆ ಪರ್ವತಿ ಗುಡ್ಡ ಹತ್ತುವವರಿಗೆ ಇದರ ಬೆಲೆ ಗೊತ್ತಾಗುತ್ತದೆ. ಮುಂಬಯಿಯ ನೆಂಟರಿಗೆ ಉಡುಗೊರೆಯಾಗಿ ಕೊಡಬೇಡಿ, ಅಲ್ಲಿ ಇದು ಪೆಟ್ಟಿಗೆಯಲ್ಲೇ ಉಳಿಯುತ್ತದೆ.

ಲೆಕ್ಕ ಹೇಳುತ್ತೇನೆ. ನಮ್ಮ ಅಂಗಡಿಗಳಲ್ಲಿ ಕಡ್ಡಿಗಳಿಗೆ ಹೆಚ್ಚಾಗಿ ಹಳೆಯ ಬ್ರಿಟಿಷ್ ನಂಬರುಗಳೇ ಇರುತ್ತವೆ: 10 ಎಂದರೆ 3.25 ಮಿಲಿಮೀಟರ್, 9 ಎಂದರೆ 3.75, 8 ಎಂದರೆ 4. ನಂಬರು ಇಳಿದಂತೆ ಕಡ್ಡಿ ದಪ್ಪ. ಎರಡು ಬಣ್ಣದ ಹೆಣಿಗೆ ತಾನಾಗಿಯೇ ಬಿಗಿಯಾಗುವುದರಿಂದ, ಸಾದಾ ಹೆಣಿಗೆಗೆ 10 ನಂಬರು ಬಳಸುವವರು ಇದಕ್ಕೆ 9 ತೆಗೆದುಕೊಳ್ಳಬೇಕು. ನನ್ನ ಕೈಯಲ್ಲಿ 10 ಸೆಂಟಿಮೀಟರಿಗೆ 24 ಕುಣಿಕೆ, 26 ಸುತ್ತು ಬಂದವು. ಕೊಳವೆಯ ಸುತ್ತಳತೆ 40 ಸೆಂಟಿಮೀಟರಿಗೆ 96 ಕುಣಿಕೆ. ಮಡಿಸಿದರೆ ಅಗಲ 20. ಈ 96 ಬಲು ಉಪಕಾರಿಯಾದ ಸಂಖ್ಯೆ: 4, 6, 8, 12, 16, 24 ಎಲ್ಲದರಿಂದಲೂ ಭಾಗವಾಗುತ್ತದೆ, ಅಂದರೆ ಇಷ್ಟು ಮನೆಗಳ (ಒಂದು ಕುಣಿಕೆಗೆ ನಕ್ಷೆಯಲ್ಲಿ ಒಂದು ಚೌಕ, ಅದೇ ಮನೆ) ಯಾವ ನಕ್ಷೆಯನ್ನು ಹಾಕಿದರೂ ಸುತ್ತು ಸರಿಯಾಗಿ ಕೂಡುತ್ತದೆ. ಒಂದೂವರೆ ಮೀಟರ್ ಉದ್ದಕ್ಕೆ 390 ಸುತ್ತು. ಮುಗಿದ ಮಫ್ಲರಿನ ತೂಕ 280 ಗ್ರಾಂ, ಎಂದರೆ ಸುತ್ತೊಂದಕ್ಕೆ ಎರಡೂ ಎಳೆ ಸೇರಿ ಮುಕ್ಕಾಲು ಗ್ರಾಮಿಗೆ ತುಸು ಕಡಿಮೆ. ಹತ್ತು ಗ್ರಾಮಿನ ಸಣ್ಣ ಉಂಡೆಯೊಂದು ಇಪ್ಪತ್ತೈದು ಸುತ್ತಿಗೆ, ಸುಮಾರು ಅರ್ಧ ಗೇಣಿಗೆ, ಧಾರಾಳವಾಗಿ ಬರುತ್ತದೆ. ನಿಮ್ಮ ನೂಲು, ನಿಮ್ಮ ಕೈ ಬೇರೆಯಾದ್ದರಿಂದ, ಹತ್ತು ಸುತ್ತು ಹೆಣೆಯುವ ಮೊದಲೊಮ್ಮೆ, ಆಮೇಲೊಮ್ಮೆ ಉಂಡೆಗಳನ್ನು ತೂಗಿ ನಿಮ್ಮದೇ ಲೆಕ್ಕ ಕಟ್ಟಿಕೊಳ್ಳಿ. ಸುತ್ತು ಶುರುವಾಗುವ ಜಾಗದಲ್ಲಿ ನಕ್ಷೆ ಒಂದು ಮೆಟ್ಟಿಲು ಜಾರಿದಂತೆ ಕಾಣುವುದು ಸಹಜ, ಏಕೆಂದರೆ ಕೊಳವೆಯ ಹೆಣಿಗೆ ನಿಜಕ್ಕೂ ಸುರುಳಿಯಾಗಿ ಏರುತ್ತದೆ. ಆ ಗೆರೆಯನ್ನು ಮಡಿಕೆಯ ಅಂಚಿಗೆ ತಂದುಕೊಂಡರೆ ಕಣ್ಣಿಗೆ ಬೀಳುವುದಿಲ್ಲ.

ಹೆಣೆಯುವಾಗ ಮೈಯೆಲ್ಲ ಕಣ್ಣಾಗಿರಬೇಕಾದದ್ದು ಹಿಂಬದಿಯಲ್ಲಿ ಹಾಯುವ ಎಳೆಯ ವಿಷಯದಲ್ಲಿ. ನನ್ನ ಮೊದಲ ಮಫ್ಲರ್ ಮುಗಿದಾಗ ಅದರ ಮೈ ಹಾಗಲಕಾಯಿಯಂತೆ ಉಬ್ಬುತಗ್ಗಾಗಿತ್ತು. ತೊಳೆದರೂ, ಒದ್ದೆ ಬಟ್ಟೆ ಹೊದಿಸಿ ತೂಕವಿಟ್ಟರೂ ಸರಿಹೋಗಲಿಲ್ಲ. ಬಣ್ಣ ಬದಲಿಸುವಾಗಲೆಲ್ಲ ನಾನು ಹೊಸ ಎಳೆಯನ್ನು ಜಗ್ಗಿ ಹಿಡಿಯುತ್ತಿದ್ದೆ, ಒಳಗಿನ ಎಳೆ ಗಿಡ್ಡವಾಗಿ ಹೊರಗಿನ ಕುಣಿಕೆಗಳನ್ನು ಒಟ್ಟಿಗೆ ಎಳೆದುಕೊಂಡಿತ್ತು. ಅದಕ್ಕೆ ಉಪಾಯ ಇಷ್ಟು: ಹೊಸ ಬಣ್ಣದ ಕುಣಿಕೆ ಹಾಕುವ ಮೊದಲು, ಬಲಗಡ್ಡಿಯ ಮೇಲೆ ಈಗಷ್ಟೇ ಹೆಣೆದ ಐದಾರು ಕುಣಿಕೆಗಳನ್ನು ಬೆರಳಿನಿಂದ ಹಿಂದಕ್ಕೆ ಸರಿಸಿ ಹರವಿಕೊಳ್ಳಬೇಕು. ಹರವಿದ ಅಗಲಕ್ಕೆ ತಕ್ಕಷ್ಟು ಎಳೆ ಹಿಂದೆ ಸಡಿಲವಾಗಿ ಮಲಗಬೇಕು, ಜೋತು ಬೀಳಬಾರದು. ಆದರೂ ಬಿಗಿಯಾಗುತ್ತದೆ ಎನ್ನುವವರು ಕೊಳವೆಯನ್ನು ಒಳಹೊರಗು ಮಾಡಿ, ಹಿಂಬದಿ ಹೊರಮುಖವಾಗಿರುವಂತೆ ಹಿಡಿದು, ದೂರದ ಅಂಚಿನಲ್ಲಿ ಹೆಣೆಯಲಿ. ಆಗ ಹಾಯುವ ಎಳೆ ಹೊರಸುತ್ತಿನ ದಾರಿ ಹಿಡಿಯುವುದರಿಂದ ಗಿಡ್ಡವಾಗುವ ಪ್ರಶ್ನೆಯೇ ಬಾರದು.

ಒಂದು ಬಣ್ಣ ಐದು ಕುಣಿಕೆಗಿಂತ ಹೆಚ್ಚು ಹೊತ್ತು ಹಿಂದೆ ಉಳಿದರೆ, ನಡುವೆ ಒಮ್ಮೆ ಅದನ್ನು ಹೆಣೆಯುತ್ತಿರುವ ಎಳೆಯ ಕೆಳಗೆ ಸಿಕ್ಕಿಸಿಕೊಳ್ಳಬೇಕು ಎನ್ನುವುದು ರೂಢಿ. ಕೈಗವಸಿನಲ್ಲಿ ಬೆರಳು, ಕುಲಾವಿಯಲ್ಲಿ ಮಗುವಿನ ಕಿವಿ ಸಿಕ್ಕಿಕೊಳ್ಳುವ ಭಯವಿದೆ, ಅಲ್ಲಿ ಈ ರೂಢಿಯನ್ನು ಮೀರಬಾರದು. ಮುಚ್ಚಿದ ಕೊಳವೆಯೊಳಗೆ ಯಾರ ಬೆರಳೂ ಹೋಗುವುದಿಲ್ಲವಾದ್ದರಿಂದ ನಾನು ಏಳರವರೆಗೂ ಬಿಟ್ಟಿದ್ದೇನೆ.

ಇನ್ನೊಂದು ಸೂಕ್ಷ್ಮವನ್ನು ನಾನು ಬಹಳ ತಡವಾಗಿ ಕಲಿತೆ. ಎರಡು ಎಳೆಗಳಲ್ಲಿ ಒಂದು ಮೇಲಿನಿಂದ, ಇನ್ನೊಂದು ಅದರ ಕೆಳಗಿನಿಂದ ಬರುತ್ತದೆ. ಕೆಳಗಿನಿಂದ ಬರುವ ಎಳೆಗೆ ದಾರಿ ಕೊಂಚ ಉದ್ದ, ಹಾಗಾಗಿ ಅದರ ಕುಣಿಕೆ ಕೂದಲೆಳೆಯಷ್ಟು ದೊಡ್ಡದಾಗಿ ಮುಂದಕ್ಕೆ ನಿಲ್ಲುತ್ತದೆ. ನಕ್ಷೆಯ ಬಣ್ಣವನ್ನು ಯಾವಾಗಲೂ ಕೆಳಗಿನಿಂದಲೇ, ನೆಲದ (ಹಿನ್ನೆಲೆಯ) ಬಣ್ಣವನ್ನು ಯಾವಾಗಲೂ ಮೇಲಿನಿಂದಲೇ ತಂದರೆ ನಕ್ಷೆ ಕೆತ್ತಿದಂತೆ ಕಾಣುತ್ತದೆ. ನಡುವೆ ಎಳೆಗಳನ್ನು ಅದಲುಬದಲು ಮಾಡಿದರೆ, ಬಣ್ಣ ಅದೇ ಇದ್ದರೂ ಅಲ್ಲಿಂದ ಮುಂದೆ ನಕ್ಷೆ ಮಂಕಾದಂತೆ ತೋರುತ್ತದೆ. ನೆಲದ ಎಳೆಯನ್ನು ಬಲಗೈಯಲ್ಲಿ, ನಕ್ಷೆಯ ಎಳೆಯನ್ನು ಎಡಗೈಯಲ್ಲಿ ಹಿಡಿದು ಹೆಣೆಯುವುದನ್ನು ರೂಢಿಸಿಕೊಂಡರೆ ಈ ಕ್ರಮ ತಾನಾಗಿಯೇ ನಿಲ್ಲುತ್ತದೆ, ಉಂಡೆಗಳೂ ಒಂದಕ್ಕೊಂದು ತೊಡಕಿಕೊಳ್ಳುವುದಿಲ್ಲ. ಎಡಗೈ ಪಳಗಲು ನನಗೆ ಎರಡು ವಾರ ಹಿಡಿಯಿತು.

ನಕ್ಷೆಗಳನ್ನು ನಾನು ಕಸೂತಿಯಿಂದ ತೆಗೆದುಕೊಂಡಿದ್ದೇನೆ, ನೀವೂ ಹಾಗೆ ಮಾಡಬೇಕೆಂಬುದು ನನ್ನ ಆಸೆ. ಕಸೂತಿಯೂ ಎಣಿಕೆಯ ಕೆಲಸ, ಚೌಕುಳಿ ಕಾಗದದ ಮೇಲೆ ಸುಲಭವಾಗಿ ಬರೆದುಕೊಳ್ಳಬಹುದು. ಆದರೆ ಎಲ್ಲ ಕಸೂತಿಯೂ ಉಲ್ಲನ್ನಿಗೆ ಒಗ್ಗುವುದಿಲ್ಲ. ಗವಂತಿ, ಮುರ್ಗಿ, ನೇಗಿ, ಮೆಂತಿ ಎಂಬ ಕಸೂತಿಯ ನಾಲ್ಕು ಬಗೆಯ ಹೊಲಿಗೆಗಳಲ್ಲಿ ಗವಂತಿ, ಮುರ್ಗಿಗಳು ಗೆರೆಯ ಚಿತ್ರಗಳು. ಹೆಣಿಗೆಯಲ್ಲಿ ಗೆರೆಯೆಂಬುದಿಲ್ಲ, ತುಂಬಿದ ಮನೆ ಅಥವಾ ಖಾಲಿ ಮನೆ ಅಷ್ಟೇ. ನೇಯ್ಗೆಯಂತೆ ಎಳೆಗಳು ಅಡ್ಡಡ್ಡವಾಗಿ ಹಾಯುವ ನೇಗಿಯೇ ಇದಕ್ಕೆ ಹತ್ತಿರದ ನೆಂಟ. ಗೋಪುರವನ್ನು ಬರೆದುಕೊಳ್ಳುವಾಗ ಅದರ ಬುಡದ ಪೀಠ ಹನ್ನೊಂದು ಮನೆಗಳ ಒಂದೇ ಗೆರೆಯಾಗಿ ಬಂತು; ಅಷ್ಟು ಉದ್ದಕ್ಕೆ ಇನ್ನೊಂದು ಎಳೆ ಹಿಂದೆ ಹಾಯುವುದು ಆಗದ ಮಾತು. ಪೀಠವನ್ನು ಒಂದು ಬಿಟ್ಟು ಒಂದು ಮನೆಯಾಗಿ, ಚೌಕುಳಿಯಾಗಿ ಒಡೆದೆ, ಅದು ಕಲ್ಲು ಜೋಡಿಸಿದಂತೆ ಕಂಡು ಮೊದಲಿಗಿಂತಲೂ ಚೆನ್ನಾಯಿತು. ಎತ್ತರವೂ ತುಸು ತಗ್ಗುತ್ತದೆ: 24 ಮನೆ ಅಗಲ, 24 ಮನೆ ಎತ್ತರದ ಗೋಪುರ ನನ್ನ ಕೈಯಲ್ಲಿ 10 ಸೆಂಟಿಮೀಟರ್ ಅಗಲ, 9ಕ್ಕಿಂತ ತುಸು ಹೆಚ್ಚು ಎತ್ತರ ಬಂದದ್ದರಿಂದ, ಶಿಖರಕ್ಕೆ ಎರಡು ಸುತ್ತು ಕೂಡಿಸಿದೆ.

ನೂಲಿನ ಜಾತಿಯ ಬಗ್ಗೆ ಒಂದೆರಡು ಮಾತು. ನಮ್ಮಲ್ಲಿ ಉಲ್ಲನ್ ಎಂದು ಮಾರುವುದರಲ್ಲಿ ಬಹುಪಾಲು ಅಕ್ರಿಲಿಕ್. ಅದನ್ನೂ ನಿಜವಾದ ಕುರಿಯ ಉಣ್ಣೆಯನ್ನೂ ಒಂದೇ ಮಫ್ಲರಿನಲ್ಲಿ ಬೆರೆಸಬೇಡಿ. ಬಿಸಿನೀರಿನಲ್ಲಿ ಉಜ್ಜಿದರೆ ಉಣ್ಣೆ ಕುಗ್ಗಿ ಗಟ್ಟಿಯಾಗುತ್ತದೆ, ಅಕ್ರಿಲಿಕ್ ಹಾಗೆಯೇ ಇರುತ್ತದೆ, ಮೈ ಸೊಟ್ಟಗಾಗುತ್ತದೆ. ಅಕ್ರಿಲಿಕ್ಕಿಗೆ ಇಸ್ತ್ರಿ ತಾಗಿಸಿದರೆ ಅದರ ಪುಟಿತ ಸತ್ತುಹೋಗಿ ಮತ್ತೆ ಬರುವುದಿಲ್ಲ. ಗಾಢ ಬಣ್ಣದ ಎಳೆಗಳನ್ನು ಒದ್ದೆ ಮಾಡಿ ಬಿಳಿ ಬಟ್ಟೆಯಲ್ಲಿ ಒತ್ತಿ ನೋಡದೆ ಕೆನೆಬಿಳಿಯ ಪಕ್ಕಕ್ಕೆ ತರಬೇಡಿ. ಹಳೆಯ ಸ್ವೆಟರ್ ಬಿಚ್ಚಿದ ನೂಲಾದರೆ, ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ತೊಳೆದು, ಕೆಳಗೆ ತುಸು ತೂಕ ಕಟ್ಟಿ ನೇತುಹಾಕಿದರೆ ಗುಂಗುರು ಬಿಡುತ್ತದೆ.

ಕೊನೆಗೆ, ನಾನು ಕೊರಳಿಗೆ ಹಾಕಿಕೊಂಡು ಬಂದಿರುವ ಈ ಮಫ್ಲರಿನ ಬಗ್ಗೆ. ಇದರ ಮೂರನೆಯ ಗೋಪುರದ ಸಾಲಿನಲ್ಲಿ ಮಗನ ಸ್ವೆಟರಿನ ಮರೂನ್ ಎಳೆ ಸುತ್ತಿನ ನಡುವೆಯೇ ಮುಗಿದುಹೋಯಿತು. ಇನ್ನು ಹನ್ನೊಂದು ಮರೂನ್ ಕುಣಿಕೆಗಳು ಬಾಕಿ ಇದ್ದವು. ಬಿಚ್ಚಿ ಹಿಂದೆ ಹೋಗುವ ಬದಲು, ಗಾಢ ರಾಶಿಯಿಂದ ಕಾಫಿಪುಡಿಯ ಬಣ್ಣವನ್ನು ಗಂಟು ಹಾಕಿಕೊಂಡು ಸುತ್ತು ಮುಗಿಸಿದೆ. ಆ ಹನ್ನೊಂದು ಕುಣಿಕೆಗಳು ಎಲ್ಲಿವೆ ಎಂದು ನೀವೇ ಹುಡುಕಿ ನೋಡಿ ಎಂದು ಹೇಳಿ ಮಫ್ಲರನ್ನು ಮುಂದಿನ ಸಾಲಿನವರ ಕೈಗೆ ಕೊಟ್ಟೆ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದವರಿಗೂ ಸಿಗಲಿಲ್ಲ. ಹಿಂದಿನ ಸಾಲಿನ ಹಿರಿಯರೊಬ್ಬರು ಕನ್ನಡಕ ತೆಗೆದಿಟ್ಟು, ಕಣ್ಣು ಮುಚ್ಚಿ, ಮಫ್ಲರಿನ ಮೈಯನ್ನು ಎರಡು ಬೆರಳುಗಳ ನಡುವೆ ಸವರುತ್ತ ಹೋಗಿ, ಒಳಗಿನ ಗಂಟು ತಾಗಿದಲ್ಲಿ ನಿಂತು, “ಇಲ್ಲೇ ಅದ ನೋಡ್ರಿ” ಎಂದರು.